ಕ್ಯಾರೆಕ್ಟರ್‌ನ ಬಾಡಿಗೆಗೆ ಕೊಡಿ, ಕ್ರಯಕ್ಕೆ ಬೇಡ

ಹೋದ ತಿಂಗಳು ಇದೇ ಅಂಕಣದ ಕೊನೇಲಿ, ಕಾಮಿಕ್ಸ್ ಬರೆದಿಟ್ಕೊಂಡು ಪ್ರಕಟಣೆಗೆ ಒದ್ದಾಡ್ತಿರೋರು ಪ್ರಶ್ನೆ ಕಳ್ಸಿ ಅಂತ ಒಂದು ಸಾಲು ಹಾಕಿದ್ವಿ. ಬಂದ ಪತ್ರಗಳನ್ನ ಓದ್ತಾ ಹೋದ ಹಾಗೆ ಗೊತ್ತಾಗಿದ್ದು ಏನಂದ್ರೆ, ಕಥೆ ಬಗ್ಗೆ ಚಿತ್ರದ ಬಗ್ಗೆ ಹೆಚ್ಚಿನವರಿಗೆ ಡೌಟೇ ಇಲ್ಲ, ಎಲ್ಲರ ಭಯ ಕಾಗದದ್ದು. ಸಹಿ ಹಾಕೋದಾ ಬೇಡ್ವಾ, ಕದ್ದುಬಿಟ್ರೆ ಏನ್ ಮಾಡೋದು, ದುಡ್ಡು ಬರುತ್ತಾ. ಕೆಲವರು ಅಗ್ರಿಮೆಂಟ್ ಫೋಟೋನೂ ಕಳ್ಸಿದಾರೆ, ಅದಕ್ಕೇ ಯಾರ ಹೆಸರೂ ಹಾಕ್ತಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮಸ್ತೆ ಸರ್. ನಾನು ಪ್ರೈಮರಿ ಸ್ಕೂಲ್ ಟೀಚರ್. ನಮ್ಮ ಕಡೆ ತೋಟದ ಬೇಲಿ ಮರಗಳಲ್ಲಿ ಕಾಡುಪಾಪ ಅನ್ನೋ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ ಇರುತ್ತೆ, ಅದನ್ನೇ ಹೀರೋ ಮಾಡಿ 48 ಪೇಜಿನ ಕಾಮಿಕ್ ಮಾಡಿದೀನಿ, ಎರಡು ವರ್ಷ ಹಿಡೀತು, ಮಕ್ಕಳು ಮಲಗಿದ ಮೇಲೆ ರಾತ್ರಿ ಕೂತು ಮಾಡಿದ್ದು. ಒಬ್ರು ಪ್ರಕಾಶಕರು ಒಪ್ಕೊಂಡಿದಾರೆ, 15,000 ಕೊಡ್ತಾರಂತೆ. ಒಂದು ಪೇಜಿನ ಪತ್ರ ಕಳ್ಸಿದಾರೆ, ಅದರಲ್ಲಿ 'ಸದರಿ ಕೃತಿಯ ಸಮಸ್ತ ಹಕ್ಕುಗಳನ್ನು ಶಾಶ್ವತವಾಗಿ ಪ್ರಕಾಶಕರಿಗೆ ವಹಿಸಿಕೊಟ್ಟಿರುತ್ತೇನೆ' ಅಂತಿದೆ. ನಮ್ಮ ಯಜಮಾನ್ರು ಬಂದ ಅವಕಾಶ ಬಿಡ್ಬೇಡ ಸಹಿ ಹಾಕು ಅಂತಾರೆ. ನನಗ್ಯಾಕೋ ಕೈ ಬರ್ತಿಲ್ಲ. ಏನ್ ಮಾಡ್ಲಿ? - ತುಮಕೂರು

ಉತ್ತರ: ಮೇಡಂ, 48 ಪೇಜ್ ಮುಗಿಸೋದು ಸಣ್ಣ ಮಾತಲ್ಲ, ಮೊದಲು ಅದಕ್ಕೆ ಅಭಿನಂದನೆ. ಆಮೇಲೆ, ಆ ಪತ್ರ ಈಗ ಹೇಗಿದೆಯೋ ಹಾಗೆ ಇದ್ರೆ ಸಹಿ ಹಾಕ್ಬೇಡಿ.

ಮನೆ ಉದಾಹರಣೆ ತಗೊಳಿ. ಒಬ್ರಿಗೆ 11 ತಿಂಗಳಿಗೆ ಬಾಡಿಗೆಗೆ ಕೊಡ್ತೀರಿ, ಕರಾರು ಮುಗಿದ್ರೆ ಬೀಗದ ಕೈ ನಿಮ್ಮ ಕೈಗೆ ವಾಪಸ್. ಅದೇ ಮನೆನ ಕ್ರಯಪತ್ರ ಮಾಡ್ಕೊಟ್ರೆ ಆಮೇಲೆ ಅವರು ಗೋಡೆ ಒಡೀಲಿ, ಮೇಲೊಂದು ಅಂತಸ್ತು ಎಬ್ಬಿಸ್ಲಿ, ನೀವು ರಸ್ತೇಲಿ ನಿಂತು ನೋಡ್ಬೇಕು. ಕಾಪಿರೈಟ್‌ನಲ್ಲೂ ಹೀಗೇ ಎರಡು ದಾರಿ, ಲೈಸೆನ್ಸ್ ಅಂದ್ರೆ ಬಾಡಿಗೆ, ಅಸೈನ್‌ಮೆಂಟ್ ಅಂದ್ರೆ ಕ್ರಯ. ನಿಮ್ಮ ಪತ್ರದಲ್ಲಿ 'ಶಾಶ್ವತವಾಗಿ ವಹಿಸಿಕೊಟ್ಟಿರುತ್ತೇನೆ' ಅಂತಿದೆಯಲ್ಲ, ಅದು ಕ್ರಯ. ಬರೀ ಪುಸ್ತಕ ಅಲ್ಲ, ನಿಮ್ಮ ಕಾಡುಪಾಪಾನೇ ಹೋಗುತ್ತೆ, ನಾಳೆ ಎರಡನೇ ಭಾಗ ಬರೆಯೋಕೆ ನೀವೇ ಅವರ ಪರ್ಮಿಷನ್ ಕೇಳ್ಬೇಕು.

ನಾನಿದನ್ನ ಅನುಭವಿಸಿ ಹೇಳ್ತಿದೀನಿ. 24ನೇ ವಯಸ್ಸಲ್ಲಿ ಒಂದು ಪ್ರಕಾಶನದವರಿಗೆ 40 ಪೇಜ್ ಮಾಡ್ಕೊಟ್ಟಿದ್ದೆ, ಕುರಿ ಕಾಯೋ ಹುಡುಗಿ ಅದರ ನಾಯಕಿ, ತಲೆ ಮೇಲೆ ಕಂಬಳಿ ಕೊಪ್ಪೆ, ಕೈಯಲ್ಲಿ ಅವಳಿಗಿಂತ ಉದ್ದದ ಕೋಲು. 8,000 ಕೊಟ್ರು, ವೋಚರ್ ಮೇಲೆ ಸಹಿ ತಗೊಂಡ್ರು, ಅದರ ಹಿಂದೆ ಪಿನ್ ಮಾಡಿದ್ದ ಇನ್ನೊಂದು ಹಾಳೆ ಮೇಲೂ ತಗೊಂಡ್ರು, ನಾನು ಓದ್ಲಿಲ್ಲ. ಆರು ವರ್ಷ ಆದ್ಮೇಲೆ ಜೂನ್ ತಿಂಗಳಲ್ಲಿ ಅಕ್ಕನ ಮಗಳಿಗೆ ನೋಟ್‌ಬುಕ್ ತರೋಕೆ ಅಂಗಡಿಗೆ ಹೋದ್ರೆ ರಟ್ಟಿನ ಮೇಲೆ ಅದೇ ಹುಡುಗಿ ನಿಂತಿದಾಳೆ, ಅದೇ ಕೊಪ್ಪೆ, ಕೋಲು ಮಾತ್ರ ತೆಗೆದು ಕೈಗೆ ಪೆನ್ಸಿಲ್ ಕೊಟ್ಟಿದಾರೆ. ನನ್ನ ಹೆಸರು ಎಲ್ಲೂ ಇಲ್ಲ. ಅವಳದ್ದು ಇನ್ನೂ ಮೂರು ಕಥೆ ನನ್ನ ತಲೇಲಿತ್ತು, ಇವತ್ತಿಗೂ ಬರೆಯೋಕಾಗಿಲ್ಲ, ಕಾಗದದ ಪ್ರಕಾರ ಅವಳು ನನ್ನವಳಲ್ಲ.

ದೊಡ್ಡ ದೊಡ್ಡವರಿಗೂ ಹೀಗಾಗಿದೆ. ಅಮೆರಿಕದಲ್ಲಿ 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಅಂತ ಇಬ್ಬರು ಹುಡುಗರು, ಇಬ್ಬರಿಗೂ 23 ವರ್ಷ, ಸೂಪರ್‌ಮ್ಯಾನ್ ಹಕ್ಕನ್ನೆಲ್ಲ 130 ಡಾಲರ್‌ಗೆ ಬರ್ಕೊಟ್ಟುಬಿಟ್ರು. ಆಮೇಲೆ ಕೋರ್ಟು ಕಚೇರಿ ಅಲೆದು ಅಲೆದು 1975ರಲ್ಲಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪೆನ್ಷನ್ ಸಿಕ್ತು, ಹೆಸರೂ ವಾಪಸ್ ಬಂತು, ಅಷ್ಟೊತ್ತಿಗೆ ಅವರಿಗೆ 60 ದಾಟಿತ್ತು. ಆ 130 ಡಾಲರ್ ಸೇರಿದ್ದ ಹಳೇ ಚೆಕ್ ಇದೆಯಲ್ಲ, ಬರೀ ಆ ಕಾಗದದ ಚೂರು 2012ರಲ್ಲಿ ಹರಾಜಲ್ಲಿ 1,60,000 ಡಾಲರ್‌ಗೆ ಹೋಯ್ತು. ಅದನ್ನ ಓದ್ದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಒಳ್ಳೇ ಸುದ್ದಿ ಏನಂದ್ರೆ ನಮ್ಮ 1957ರ ಕಾಪಿರೈಟ್ ಕಾಯ್ದೆ ಬರೆಯೋರ ಪರವಾಗಿ ಸುಮಾರು ಮಾತು ಹೇಳುತ್ತೆ. ಹಕ್ಕು ವರ್ಗಾವಣೆ ಬರವಣಿಗೇಲೇ ಆಗ್ಬೇಕು, ನಿಮ್ಮ ಸಹಿ ಇರ್ಲೇಬೇಕು, ಬಾಯಿ ಮಾತಲ್ಲಿ ಕೊಟ್ಟೆ ಅಂದ್ರೆ ನಡೆಯಲ್ಲ. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶಕ್ಕೆ, ದುಡ್ಡು ಎಷ್ಟು ಅನ್ನೋದು ಪತ್ರದಲ್ಲಿ ಬರಬೇಕು. ಎಷ್ಟು ವರ್ಷ ಅಂತ ಬರೀದೇ ಬಿಟ್ರೆ 5 ವರ್ಷ ಅಂತ ಲೆಕ್ಕ, ಯಾವ ಜಾಗ ಅಂತ ಬರೀದಿದ್ರೆ ಭಾರತದೊಳಗೆ ಮಾತ್ರ. ಹಕ್ಕು ತಗೊಂಡು ಒಂದು ವರ್ಷ ಏನೂ ಮಾಡದೆ ಇಟ್ಕೊಂಡ್ರೆ, ಪತ್ರದಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಹಕ್ಕು ನಿಮಗೇ ವಾಪಸ್. ಇವೆಲ್ಲ 19ನೇ ಸೆಕ್ಷನ್. ಈಗ ಗಮನಿಸಿ, ನಿಮ್ಮ ಪತ್ರದಲ್ಲಿ 'ಶಾಶ್ವತವಾಗಿ' ಅನ್ನೋ ಒಂದೇ ಒಂದು ಪದ ಹಾಕಿ ಆ 5 ವರ್ಷದ ರಕ್ಷಣೆನ ತೆಗೆದು ಹಾಕಿದಾರೆ. ಇದರ ಜೊತೆ 57ನೇ ಸೆಕ್ಷನ್ ಅಂತಿದೆ, ಹಕ್ಕು ಮಾರಿದ ಮೇಲೂ 'ಇದನ್ನ ಮಾಡಿದ್ದು ನಾನು' ಅಂತ ಹೇಳ್ಕೊಳೋ ಹಕ್ಕು ನಿಮ್ಮದೇ, ನಿಮ್ಮ ಮರ್ಯಾದೆಗೆ ಧಕ್ಕೆ ಬರೋ ಹಾಗೆ ಕೃತಿನ ತಿರುಚಿದ್ರೆ ತಡೆಯೋ ಹಕ್ಕೂ ನಿಮ್ಮದೇ. ದೆಹಲಿಯ ವಿಜ್ಞಾನ ಭವನದ ಗೋಡೆ ಮೇಲಿದ್ದ ಅಮರ್‌ನಾಥ್ ಸೆಹಗಲ್ ಅವರ ಶಿಲ್ಪಾನ ಕಿತ್ತು ಹಾಳು ಮಾಡಿದ್ದಕ್ಕೆ 2005ರಲ್ಲಿ ಹೈಕೋರ್ಟ್ ಸರ್ಕಾರದಿಂದಲೇ 5 ಲಕ್ಷ ಪರಿಹಾರ ಕೊಡ್ಸಿದ್ದು ಇದೇ ಸೆಕ್ಷನ್ ಮೇಲೆ.

ಈಗ ಪ್ರಕಾಶಕರಿಗೆ ಏನಂತ ಬರೀಬೇಕು? ಜಗಳ ಬೇಡ. ಎಷ್ಟೋ ಜನ ಪ್ರಕಾಶಕರು ಮೋಸ ಮಾಡೋಕೆ ಅಂತ ಹೀಗೆ ಬರೆಸಿರಲ್ಲ, ಯಾವುದೋ ಹಳೇ ಪತ್ರದ ನಮೂನೆನ ಹೆಸರು ಬದಲಾಯ್ಸಿ ಕಳ್ಸಿರ್ತಾರೆ. ನೀವು ಮರ್ಯಾದೆಯಿಂದ, 'ಪುಸ್ತಕ ನಿಮ್ಮಲ್ಲೇ ಬರಲಿ ಅಂತ ನನಗೂ ಆಸೆ, ಆದ್ರೆ ಈ ಸಾಲನ್ನ ಹೀಗೆ ಬದಲಾಯಿಸಿಕೊಳ್ಳೋಣ' ಅಂತ ಬರೀರಿ: ಕನ್ನಡ ಭಾಷೆಯಲ್ಲಿ, ಮುದ್ರಿತ ಪುಸ್ತಕ ರೂಪದಲ್ಲಿ, ಭಾರತದಲ್ಲಿ, 3 ವರ್ಷಕ್ಕೆ ಪ್ರಕಟಿಸಿ ಮಾರುವ ಹಕ್ಕನ್ನು ಮಾತ್ರ ಪ್ರಕಾಶಕರಿಗೆ ನೀಡಲಾಗಿದೆ, ಪಾತ್ರ, ಅನುವಾದ, ಇ-ಬುಕ್, ಅನಿಮೇಷನ್, ಸಿನಿಮಾ, ಆಟಿಕೆ ಮುಂತಾದ ಉಳಿದೆಲ್ಲ ಹಕ್ಕುಗಳು ಕಲಾವಿದರಲ್ಲೇ ಉಳಿಯುತ್ತವೆ. ಇ-ಬುಕ್ ಕೂಡ ಬೇಕು ಅಂದ್ರೆ ಕೊಡಿ, ಅದಕ್ಕೆ ಬೇರೆ ಪರ್ಸೆಂಟೇಜ್ ಹಾಕ್ಸಿ. ನೋಟ್‌ಬುಕ್, ಬ್ಯಾಗು, ಟೀಶರ್ಟ್ ವಿಷಯ ಬಂದ್ರೆ ಪ್ರತಿ ಸಲ ಕೇಳಿ ಲಿಖಿತ ಒಪ್ಪಿಗೆ ತಗೋಬೇಕು ಅಂತ ಸೇರ್ಸಿ, ಇದನ್ನ ಬಿಡ್ಲೇಬೇಡಿ. ಪ್ರತಿಗಳೆಲ್ಲ ಮುಗಿದು ಆರು ತಿಂಗಳಾದ್ರೂ ಮರುಮುದ್ರಣ ಮಾಡದಿದ್ರೆ ಹಕ್ಕು ತಾನಾಗೇ ವಾಪಸ್ ಅನ್ನೋ ಸಾಲೂ ಇರಲಿ. ಕೈಯಲ್ಲಿ ಬರೆದಿದ್ರೆ ಒರಿಜಿನಲ್ ಹಾಳೆಗಳು ಸ್ಕ್ಯಾನ್ ಆದ್ಮೇಲೆ ನಿಮಗೆ ವಾಪಸ್ ಬರಬೇಕು. ಮುಖಪುಟದಲ್ಲಿ ನಿಮ್ಮ ಹೆಸರು, ಒಳಗೆ ಕಾಪಿರೈಟ್ ಸಾಲಲ್ಲೂ ನಿಮ್ಮ ಹೆಸರು.

ದುಡ್ಡಿನ ವಿಷ್ಯ. 15,000 ಅನ್ನೋದನ್ನ ಒಂದೇ ಸಲದ ಗೌರವಧನ ಅಂತ ತಗೋಬೇಡಿ, ರಾಯಲ್ಟಿಯ, ಅಂದ್ರೆ ಮಾರಿದ ಪ್ರತಿಗಳ ಮೇಲೆ ಬರೋ ಪಾಲಿನ, ಅಡ್ವಾನ್ಸ್ ಅಂತ ಬರೆಸಿ. ಆಮೇಲೆ ರಾಯಲ್ಟಿ ಯಾವುದರ ಮೇಲೆ ಅಂತ ಕೇಳಿ, ಇಲ್ಲೇ ಎಲ್ಲರೂ ಎಡವೋದು. 200 ರೂಪಾಯಿ ಮುಖಬೆಲೆಯ ಪುಸ್ತಕ 1,000 ಪ್ರತಿ ಮಾರಿದ್ರೆ, ಮುಖಬೆಲೆ ಮೇಲೆ 10 ಪರ್ಸೆಂಟ್ ಅಂದ್ರೆ ನಿಮಗೆ 20,000. ಅದೇ 'ನೆಟ್ ಮೇಲೆ 10 ಪರ್ಸೆಂಟ್' ಅಂತ ಬರೆದು, ಅಂಗಡಿಯವರಿಗೆ 40 ಪರ್ಸೆಂಟ್ ಕಮಿಷನ್ ಹೋದ್ರೆ ಉಳಿಯೋದು ಪ್ರತಿಗೆ 120, ನಿಮ್ಮ ಪಾಲು 12,000. ಪದ ಒಂದೇ, ಎಂಟು ಸಾವಿರದ ವ್ಯತ್ಯಾಸ. ವರ್ಷಕ್ಕೊಂದು ಸಲ ಎಷ್ಟು ಪ್ರಿಂಟ್ ಆಯ್ತು ಎಷ್ಟು ಮಾರಿತು ಅಂತ ಲೆಕ್ಕ ಕೊಡ್ಬೇಕು ಅಂತ ಬರೆಸಿ, ಗೌರವ ಪ್ರತಿ 10 ಆದ್ರೂ ಕೇಳಿ.

ಇಷ್ಟೆಲ್ಲ ಕೇಳಿದ್ರೆ ಅವಕಾಶ ಕೈತಪ್ಪುತ್ತೆ ಅಂತ ಯಜಮಾನ್ರು ಹೇಳ್ಬಹುದು. ಅವರಿಗೆ ನಾನು ಹೇಳಿದೆ ಅಂತ ಹೇಳಿ, ಹಕ್ಕೆಲ್ಲ ಕೊಟ್ರೆ ಮಾತ್ರ ಪುಸ್ತಕ ಮಾಡ್ತೀನಿ ಅನ್ನೋ ಪ್ರಕಾಶಕರಿಗೆ ಬೇಕಿರೋದು ನಿಮ್ಮ ಪುಸ್ತಕ ಅಲ್ಲ, ಕಾಡುಪಾಪ. ಆಗ ಬಿಟ್ಟುಬಿಡಿ, ಬೇರೆಯವರು ಸಿಗ್ತಾರೆ.

ಪ್ರಶ್ನೆ: ನಮಸ್ಕಾರ್ರೀ ಸರ. ನಂದೊಂದು ಕಾಮಿಕ್ ರೆಡಿ ಐತ್ರಿ, ಪಬ್ಲಿಷರ್‌ಗೆ ಕಳಿಸ್ಬೇಕಂದ್ರ ಅವ್ರು ನನ್ನ ಕಾನ್ಸೆಪ್ಟ್ ಹೊಡದು ಬ್ಯಾರೇ ಆರ್ಟಿಸ್ಟ್ ಕಡಿಂದ ಮಾಡಿಸಿಬಿಟ್ರ ಏನ್ ಮಾಡೂದು ಅಂತ ಅಂಜಿಕಿ. ಮೊದ್ಲ ಕಾಪಿರೈಟ್ ರಿಜಿಸ್ಟರ್ ಮಾಡಿಸ್ಬೇಕೇನ್ರಿ? ನಮ್ಮ ಗೆಳೆಯಾ ಒಬ್ಬಾಂವ ಅಂದಾ, ನಿನಗ ನೀನ ರಿಜಿಸ್ಟರ್ಡ್ ಪೋಸ್ಟ್ ಮಾಡ್ಕೊಂಡು ಕವರ್ ಒಡೀದ ಇಟ್ಕೊ, ಸಾಕು ಅಂತ. ಖರೇನ? - ಧಾರವಾಡ

ಉತ್ತರ: ಮೊದಲು ಒಂದು ಕಹಿ ಸತ್ಯ. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ. 1978ರಲ್ಲಿ ಆರ್.ಜಿ. ಆನಂದ್ ಅನ್ನೋ ನಾಟಕಕಾರರು ತಮ್ಮ ನಾಟಕದ ಮೇಲೆ ಸಿನಿಮಾ ಮಾಡ್ಕೊಂಡಿದಾರೆ ಅಂತ ಹೋರಾಡಿದ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ವಸ್ತುವಿಗೆ, ಥೀಮಿಗೆ ಯಾರೂ ಮಾಲೀಕರಲ್ಲ, ಅದನ್ನ ನೀವು ಹೇಗೆ ಹೇಳಿದೀರಿ ಅನ್ನೋದಕ್ಕೆ ಮಾತ್ರ ರಕ್ಷಣೆ, ಅಂತ. ಆ ನಾಟಕಕಾರರು ಸೋತ್ರು. ಉದಾಹರಣೆಗೆ, 'ಹಾರೋ ಶಕ್ತಿ ಇರೋ ಪೋಸ್ಟ್‌ಮ್ಯಾನ್' ಅನ್ನೋದು ಐಡಿಯಾ. ಅವನ ಮುಖ, ಮೀಸೆ, ಸೈಕಲ್ಲು, ಮಾತಾಡೋ ರೀತಿ, ನೀವು ಬರೆದ ಒಂದೊಂದು ಪ್ಯಾನೆಲ್ಲು ಅಂದ್ರೆ ಚಿತ್ರದ ಚೌಕ, ಅದು ನಿಮ್ದು. ಹಾಗಾಗಿ ಐಡಿಯಾ ಮಾತ್ರ ಹಿಡ್ಕೊಂಡು ಯಾರ ಹತ್ರಾನೂ ಹೋಗ್ಬೇಡಿ, ಎಲ್ಲೂ ಹೇಳ್ಬೇಡಿ, ಪೇಜ್ ಮಾಡಿ ಆಮೇಲೆ ಮಾತಾಡಿ. ನಿಮ್ದು ರೆಡಿ ಇದೆ ಅಂತೀರಿ, ಅರ್ಧ ಗೆದ್ದ ಹಾಗೇ.

ಪಾತ್ರ ಕದ್ರೆ ಕೋರ್ಟ್ ಕೇಳುತ್ತಾ? ಕೇಳುತ್ತೆ. ಹಿಂದಿ ಕಾಮಿಕ್ಸ್ ಓದಿದವರಿಗೆ ನಾಗರಾಜ್ ಗೊತ್ತಿರುತ್ತೆ, ಹಾವಿನ ಶಕ್ತಿ ಇರೋ ಹಸಿರು ಮೈಯವನು. ಇನ್ನೊಂದು ಪ್ರಕಾಶನದವರು ಅದೇ ಥರದ 'ನಾಗೇಶ್' ಅಂತ ತಂದ್ರು. ನಾಗರಾಜ್ ಪ್ರಕಟಿಸೋ ರಾಜಾ ಪಾಕೆಟ್ ಬುಕ್ಸ್‌ನವರು ದೆಹಲಿ ಹೈಕೋರ್ಟ್‌ಗೆ ಹೋದ್ರು, 1997ರಲ್ಲಿ ಕೋರ್ಟ್ ಎರಡೂ ಪಾತ್ರಗಳ ಹೋಲಿಕೆ ನೋಡಿ ನಾಗೇಶ್‌ಗೆ ತಡೆ ಕೊಡ್ತು. ಚೆನ್ನಾಗಿ ಗಟ್ಟಿಯಾಗಿ ರೂಪಿಸಿದ ಪಾತ್ರಕ್ಕೆ ಬೆಲೆ ಇದೆ ಅನ್ನೋದಕ್ಕೆ ನಮ್ಮ ದೇಶದ ಕಾಮಿಕ್ಸ್‌ದೇ ಉದಾಹರಣೆ ಇದು.

ಇನ್ನು ರಿಜಿಸ್ಟ್ರೇಷನ್. ಕಾಪಿರೈಟ್ ಹುಟ್ಟೋದು ನೀವು ಹಾಳೆ ಮೇಲೆ ಗೆರೆ ಎಳೆದಾಗ್ಲೇ, ಆಫೀಸಿಗೆ ಹೋದಾಗ ಅಲ್ಲ. ರಿಜಿಸ್ಟ್ರೇಷನ್ ನಮ್ಮ ಪಹಣಿ ಇದ್ದ ಹಾಗೆ ಅನ್ಕೊಳಿ. ಪಹಣಿಯಿಂದ ಹೊಲ ನಿಮ್ದಾಗಲ್ಲ, ಆದ್ರೆ ತಕರಾರು ಬಂದಾಗ ಮೊದಲು ನೋಡೋದೇ ಪಹಣಿ, ಅದು ಸುಳ್ಳು ಅಂತ ಸಾಬೀತು ಮಾಡೋ ಹೊರೆ ಎದುರಿನವರ ಮೇಲೆ. ಹಾಗಾಗಿ ಮಾಡ್ಸಿ ಅಂತಾನೇ ನಾನು ಹೇಳೋದು, ಖರ್ಚೂ ಜಾಸ್ತಿ ಇಲ್ಲ. ಕಾಪಿರೈಟ್ ಆಫೀಸಿನ ವೆಬ್‌ಸೈಟಲ್ಲೇ ಫಾರಂ 14 ತುಂಬ್ಬೋದು, ಒಂದು ಕೃತಿಗೆ 500 ರೂಪಾಯಿ. ಅರ್ಜಿ ಹಾಕಿದ ತಕ್ಷಣ ಡೈರಿ ನಂಬರ್, ಅಂದ್ರೆ ಅರ್ಜಿಯ ಸಂಖ್ಯೆ, ಬರುತ್ತೆ, ಯಾರಾದ್ರೂ ಆಕ್ಷೇಪ ಹಾಕ್ತಾರಾ ಅಂತ 30 ದಿನ ಕಾಯ್ತಾರೆ, ಆಮೇಲೆ ಪರಿಶೀಲನೆ. ಕಥೆ ಸಂಭಾಷಣೆ ಎಲ್ಲ ಇರೋ ಪುಸ್ತಕಾನ ಸಾಹಿತ್ಯ ಕೃತಿ ಅಂತ ಒಂದು ಅರ್ಜಿ, ಮುಖ್ಯ ಪಾತ್ರದ ಕ್ಯಾರೆಕ್ಟರ್ ಶೀಟನ್ನ, ಅಂದ್ರೆ ಪಾತ್ರ ಹೇಗೆ ಕಾಣುತ್ತೆ ಅಂತ ಎಲ್ಲ ಕಡೆಯಿಂದ ತೋರಿಸೋ ಹಾಳೇನ, ಕಲಾಕೃತಿ ಅಂತ ಇನ್ನೊಂದು ಅರ್ಜಿ ಹಾಕಿದ್ರೆ ಒಳ್ಳೇದು. ಆ ಚಿತ್ರಾನ ಮುಂದೆ ವಸ್ತುಗಳ ಮೇಲೆ ಬಳಸೋ ಥರದ್ದು ಅಂತಾದ್ರೆ ಫೀಸು 2,000 ಆಗುತ್ತೆ. ಪಾತ್ರದ ಹೆಸರಿಗೆ ರಕ್ಷಣೆ ಬೇಕು ಅಂದ್ರೆ ಅದು ಟ್ರೇಡ್‌ಮಾರ್ಕ್, ಒಬ್ಬ ವ್ಯಕ್ತಿ ಆನ್‌ಲೈನಲ್ಲಿ ಹಾಕಿದ್ರೆ ಒಂದು ಕ್ಲಾಸಿಗೆ (ಒಂದು ಬಗೆಯ ಸರಕಿಗೆ) 4,500, ಹತ್ತು ವರ್ಷಕ್ಕೊಮ್ಮೆ ರಿನ್ಯೂ. ಮೊದಲನೇ ಪುಸ್ತಕಕ್ಕೇ ಅದು ಬೇಡ.

ಗೆಳೆಯರು ಹೇಳಿದ ರಿಜಿಸ್ಟರ್ಡ್ ಪೋಸ್ಟ್ ಉಪಾಯ ನಂಬ್ಕೊಂಡು ಕೂರ್ಬೇಡಿ, ಖಾಲಿ ಕವರನ್ನೂ ಪೋಸ್ಟ್ ಮಾಡಿ ಆಮೇಲೆ ತುಂಬ್ಬೋದು ಅಂತ ಎದುರಿನ ವಕೀಲರು ಒಂದೇ ಮಾತಲ್ಲಿ ಅದನ್ನ ಬಿಸಾಕ್ತಾರೆ. ಅದಕ್ಕಿಂತ ನಿಮ್ಮ ಮೊದಲ ಪೆನ್ಸಿಲ್ ಸ್ಕೆಚ್‌ಬುಕ್, ಗೀಚಿ ಹಾಕಿದ ಪೇಜ್‌ಗಳು, ಲೇಯರ್ ಇರೋ ಫೈಲ್‌ಗಳು, ಕಳ್ಸಿದ ಮೇಲ್‌ಗಳು, ಇವೇ ದೊಡ್ಡ ಸಾಕ್ಷಿ. ಕದ್ದವನ ಹತ್ರ ಕೊನೇ ಚಿತ್ರ ಮಾತ್ರ ಇರುತ್ತೆ, ಆ ಚಿತ್ರ ಹೇಗೆ ಬಂತು ಅನ್ನೋ ದಾರಿ ನಿಮ್ಮ ಹತ್ರ ಮಾತ್ರ ಇರುತ್ತೆ. ಒಂದನ್ನೂ ಎಸೀಬೇಡಿ. ಪ್ರಕಾಶಕರಿಗೆ ಇಡೀ ಪುಸ್ತಕದ ಹೈ ರೆಸಲ್ಯೂಷನ್ ಫೈಲ್ ಕಳ್ಸ್ಬೇಡಿ, ಒಂದು ಪೇಜ್ ಕಥಾಸಾರ, ಐದಾರು ಪೂರ್ತಿ ಮುಗಿದ ಪೇಜು, ಕ್ಯಾರೆಕ್ಟರ್ ಶೀಟು, ಎಲ್ಲ ಕಡಿಮೆ ರೆಸಲ್ಯೂಷನ್ ಪಿಡಿಎಫ್, ಮೇಲಲ್ಲೇ ಕಳ್ಸಿ, ವಾಟ್ಸಾಪಲ್ಲಿ ಬೇಡ.

ಪ್ರಶ್ನೆ: ಕಥೆ ನನ್ನದು, ಚಿತ್ರ ನನ್ನ ಸ್ನೇಹಿತನದ್ದು. ಈಗ ಒಬ್ಬರು ತೆಗೊಳ್ಳಲಿಕ್ಕೆ ಆಸಕ್ತಿ ತೋರಿಸಿದ್ದಾರೆ. ನಮ್ಮ ನಡುವೆ ಅಗ್ರಿಮೆಂಟ್ ಅಂತ ಏನೂ ಇಲ್ಲ, ಕೇಳಿದರೆ ಅವನಿಗೆ ಬೇಜಾರು ಆದೀತು ಅಂತ ಹೆದರಿಕೆ ಉಂಟು. - ಮಂಗಳೂರು

ಉತ್ತರ: ಇವತ್ತು ಕೇಳಿದ್ರೆ ಒಂದು ಸಂಜೆಯ ಬೇಜಾರು, ಪುಸ್ತಕ ಹಿಟ್ ಆದ್ಮೇಲೆ ಕೇಳಿದ್ರೆ ಸ್ನೇಹಾನೇ ಹೋಗುತ್ತೆ. ಕಾನೂನಿನ ಕಣ್ಣಲ್ಲಿ ನೀವು ಬರೆದ ಸ್ಕ್ರಿಪ್ಟ್ ಸಾಹಿತ್ಯ ಕೃತಿ, ನಿಮ್ದು. ಅವರು ಬರೆದ ಚಿತ್ರ ಕಲಾಕೃತಿ, ಅವರದ್ದು. ಅಂದ್ರೆ ಇಬ್ಬರಲ್ಲಿ ಒಬ್ಬರು ಒಪ್ಪದಿದ್ರೂ ಪುಸ್ತಕ ನಿಲ್ಲುತ್ತೆ. ತೊಡಕು ಬರೋದು ಪಾತ್ರದಲ್ಲಿ. ಒಬ್ಬ ನಾಯಕಿ ಇದಾಳೆ ಅನ್ಕೊಳಿ, ಅವಳು ಹೀಗೆ ಮಾತಾಡ್ತಾಳೆ ಅಂತ ನೀವು ಬರೆದಿದೀರಿ, ಹೀಗೆ ಕಾಣ್ತಾಳೆ ಅಂತ ಅವರು ಬರೆದಿದಾರೆ, ಹಾಗಾದ್ರೆ ಅವಳು ಯಾರವಳು?

ಕೂತು ಎರಡು ಪೇಜ್ ಬರ್ಕೊಳಿ. ಪಾತ್ರ ಇಬ್ಬರದ್ದೂ ಸಮಪಾಲಾ, ಬರೋ ದುಡ್ಡು ಎಷ್ಟೆಷ್ಟು, ಹೆಸರು ಯಾವ ಕ್ರಮದಲ್ಲಿ, ಒಬ್ಬರಿಗೆ ಮುಂದೆ ಟೈಮ್ ಇಲ್ಲ ಅಂದ್ರೆ ಇನ್ನೊಬ್ಬರು ಬೇರೆ ಬರಹಗಾರನ್ನೋ ಚಿತ್ರಗಾರನ್ನೋ ಇಟ್ಕೊಂಡು ಮುಂದುವರಿಸ್ಬೋದಾ, ಸಿನಿಮಾ ಆಫರ್ ಬಂದ್ರೆ ಇಬ್ಬರ ಸಹಿ ಬೇಕಾ. ಕೊನೇದಕ್ಕೆ ಹೌದು ಅಂತಾನೇ ಹಾಕಿ. ನನ್ನ ಅಭಿಪ್ರಾಯದಲ್ಲಿ ಕಾಮಿಕ್ಸಲ್ಲಿ ಚಿತ್ರ ಬರೆಯೋರಿಗೆ ಅರ್ಧಕ್ಕಿಂತ ಕಡಿಮೆ ಕೊಡೋದು ನ್ಯಾಯ ಅಲ್ಲ, ಒಂದು ಪೇಜ್ ಸ್ಕ್ರಿಪ್ಟ್ ಬರೆಯೋಕೆ ಒಂದು ಗಂಟೆ ಆದ್ರೆ ಅದರ ಚಿತ್ರ ಬರೆದು ಇಂಕ್ ಮಾಡಿ ಬಣ್ಣ ಹಾಕೋಕೆ ಎರಡು ಮೂರು ದಿನ ಬೇಕು. ಬೇರೆ ಯಾರಾದ್ರೂ ಬಣ್ಣ ಹಾಕಿದ್ರೆ, ಅಕ್ಷರ ಕೂರಿಸಿದ್ರೆ ಅವರ ಹೆಸರೂ ಒಳಪುಟದಲ್ಲಿ ಬರಲಿ.

ಪ್ರಶ್ನೆ: ಸರ್ ನಾನು ಸೆಕೆಂಡ್ ಪಿಯುಸಿ, 17 ವರ್ಷ. ಇನ್‌ಸ್ಟಾಗ್ರಾಮಲ್ಲಿ ವಾರಕ್ಕೊಂದು ಕಾಮಿಕ್ ಹಾಕ್ತೀನಿ. ಹಾಗೆ ಹಾಕಿದ್ರೆ ಅದು ಅವರದ್ದಾಗುತ್ತಾ? ಒಂದು ಕಾಮಿಕ್ ಸ್ಪರ್ಧೆಗೆ ಕಳ್ಸೋಣ ಅಂತಿದೀನಿ, ರೂಲ್ಸ್ ತುಂಬಾ ಉದ್ದ ಇದೆ. ಇನ್ನೊಂದು, ಬ್ಯಾಕ್‌ಗ್ರೌಂಡ್ ಎಐಯಲ್ಲಿ ಮಾಡ್ಕೊಂಡ್ರೆ ತೊಂದ್ರೆನಾ? - ಹಾಸನ

ಉತ್ತರ: ನೋಡು ಪುಟ್ಟ, ಇನ್‌ಸ್ಟಾಗ್ರಾಮಿಗೆ ಹಾಕಿದ ಮಾತ್ರಕ್ಕೆ ಮಾಲೀಕತ್ವ ಹೋಗಲ್ಲ. ಅವರ ನಿಯಮದಲ್ಲಿ ನೀನು ಅವರಿಗೆ ಕೊಡೋದು ಲೈಸೆನ್ಸ್, ಪುಕ್ಕಟೆ, ಪ್ರಪಂಚ ಪೂರ್ತಿ, ಆದ್ರೆ ಅವರಿಗೊಬ್ಬರಿಗೇ ಅಂತ ಅಲ್ಲ, ಅದೇ ಕಾಮಿಕ್ಕನ್ನ ನಾಳೆ ನೀನು ಪುಸ್ತಕ ಮಾಡ್ಬೋದು. ನಿಜವಾದ ತೊಂದ್ರೆ ಬೇರೆಯವರ ಕಾಮಿಕ್ ಕದ್ದು ಹಾಕೋ ಇನ್‌ಸ್ಟಾ ಪೇಜ್‌ಗಳದ್ದು. ಅದಕ್ಕೇ ಚಿಕ್ಕ ಸೈಜಲ್ಲಿ ಮಾತ್ರ ಹಾಕು, ಪ್ರಿಂಟ್ ಕ್ವಾಲಿಟಿ ಫೈಲ್ ಮನೇಲಿರಲಿ. ಸಹಿನ ಮೂಲೇಲಿ ಹಾಕಿದ್ರೆ ಕ್ರಾಪ್ ಮಾಡ್ತಾರೆ, ಪ್ಯಾನೆಲ್ ಒಳಗೇ ಅಂಗಡಿ ಬೋರ್ಡ್ ಮೇಲೋ ಆಟೋ ಹಿಂದೆಯೋ ಸೇರ್ಸಿ ಬರೆ.

ಸ್ಪರ್ಧೆ ರೂಲ್ಸಲ್ಲಿ ಒಂದೇ ಸಾಲು ಹುಡುಕು. 'ಗೆದ್ದ ಕೃತಿಗಳನ್ನು ಪ್ರಕಟಿಸುವ ಹಕ್ಕು ಆಯೋಜಕರಿಗೆ ಇರುತ್ತದೆ' ಅಂತಿದ್ರೆ ಪರ್ವಾಗಿಲ್ಲ, ಕಳ್ಸು. 'ಕಳಿಸಿದ ಎಲ್ಲಾ ಕೃತಿಗಳು ಆಯೋಜಕರ ಸ್ವತ್ತಾಗುತ್ತವೆ' ಅಂತಿದ್ರೆ ನಿನ್ನ ಮುಖ್ಯ ಪಾತ್ರಾನ ಕಳ್ಸಲೇಬೇಡ, ಸೋತವರದ್ದೂ ಸೇರಿ ಎಲ್ಲರದ್ದೂ ಬಾಚ್ಕೊಳೋ ಸಾಲು ಅದು. ತೀರಾ ಆಸೆ ಇದ್ರೆ ಆ ಸ್ಪರ್ಧೆಗೆ ಅಂತಾನೇ ಬೇರೆ ಪಾತ್ರ ಮಾಡಿ ಕಳ್ಸು.

ನಿನಗೆ 18 ಆಗಿಲ್ಲ, ನಿನ್ನ ಕಾಮಿಕ್‌ನ ಕಾಪಿರೈಟ್ ನಿನ್ನದೇ, ಆದ್ರೆ ಅಗ್ರಿಮೆಂಟ್‌ಗೆ ನೀನು ಸಹಿ ಹಾಕೋ ಹಾಗಿಲ್ಲ, 1872ರ ಕರಾರು ಕಾಯ್ದೆ ಪ್ರಕಾರ ಅಪ್ರಾಪ್ತರ ಕರಾರು ನಿಲ್ಲಲ್ಲ. ಯಾರಾದ್ರೂ ಕಾಗದ ಕಳ್ಸಿದ್ರೆ ಅಪ್ಪಂಗೋ ಅಮ್ಮಂಗೋ ತೋರ್ಸು, ಪೋಷಕರಾಗಿ ಅವರು ಸಹಿ ಹಾಕ್ಬೇಕು. ಮುಚ್ಚಿಡ್ಬೇಡ.

ಎಐ ವಿಷ್ಯಕ್ಕೆ ಒಂದು ಕಾಮಿಕ್‌ದೇ ಕಥೆ ಇದೆ. ಅಮೆರಿಕದಲ್ಲಿ 'ಜರ್ಯಾ ಆಫ್ ದಿ ಡಾನ್' ಅಂತ ಒಂದು ಕಾಮಿಕ್, ಚಿತ್ರಗಳನ್ನ ಎಐ ಸಾಫ್ಟ್‌ವೇರ್ ಆದ ಮಿಡ್‌ಜರ್ನಿಯಲ್ಲಿ ಮಾಡಿದ್ದು. 2023ರ ಫೆಬ್ರವರಿಯಲ್ಲಿ ಅಲ್ಲಿನ ಕಾಪಿರೈಟ್ ಆಫೀಸ್ ಏನಂತು ಅಂದ್ರೆ, ಬರೆದ ಮಾತುಗಳಿಗೆ, ಚಿತ್ರಗಳನ್ನ ಜೋಡಿಸಿದ ಕ್ರಮಕ್ಕೆ ರಕ್ಷಣೆ ಇದೆ, ಮಷಿನ್ ಮಾಡಿದ ಒಂದೊಂದು ಚಿತ್ರಕ್ಕೆ ಇಲ್ಲ. ನಿನ್ನ ಕೈಯಿಂದ ಬಂದಿದ್ದನ್ನ ನಿನ್ನದು ಅಂತ ಹೇಳೋದು ಸುಲಭ. ಬ್ಯಾಕ್‌ಗ್ರೌಂಡ್ ಕಷ್ಟ ಅನ್ಸಿದ್ರೆ ಹಾಸನದ ಬಸ್‌ಸ್ಟ್ಯಾಂಡಲ್ಲಿ ಹೋಗಿ ಕೂತು ಬರೆ, ಒಂದು ತಿಂಗಳಲ್ಲಿ ಕೈ ಪಳಗುತ್ತೆ.

ಪ್ರಶ್ನೆ: ಕನ್ನಡದ ದೊಡ್ಡ ಸಾಹಿತಿಗಳ ಕಥೇನ ಕಾಮಿಕ್ ಮಾಡ್ಬೇಕು ಅಂತ ಆಸೆ. ಚಿತ್ರ ಎಲ್ಲ ನಂದೇ ತಾನೇ, ಪರ್ಮಿಷನ್ ಯಾಕೆ ಬೇಕು? - ಶಿವಮೊಗ್ಗ

ಉತ್ತರ: ಬೇಕು. ಕಾಯ್ದೆಯ ಎರಡನೇ ಸೆಕ್ಷನಲ್ಲೇ, ಕಥೇನ ಪೂರ್ತಿಯಾಗಿ ಅಥವಾ ಮುಖ್ಯವಾಗಿ ಚಿತ್ರಗಳ ಮೂಲಕ ಹೇಳೋದೂ ಅಡಾಪ್ಟೇಶನ್ನೇ (ರೂಪಾಂತರ) ಅಂತ ಬಿಡಿಸಿ ಬರೆದಿದಾರೆ, ಅದರ ಹಕ್ಕು ಮೂಲ ಲೇಖಕರದ್ದು, ಅಂದ್ರೆ ನಮ್ಮ ಕಾಮಿಕ್ಸ್‌ನ ಮನಸ್ಸಲ್ಲಿಟ್ಕೊಂಡೇ ಬರೆದ ಹಾಗಿದೆ. ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತೆ. ಕುವೆಂಪು ತೀರಿಕೊಂಡಿದ್ದು 1994, ಹಾಗಾಗಿ 2054ರ ಕೊನೇವರೆಗೂ ಅವರ ವಾರಸುದಾರರ ಒಪ್ಪಿಗೆ ಬೇಕು. ಎಂ. ಗೋವಿಂದ ಪೈ 1963ರಲ್ಲಿ ಹೋದ್ರು, 2024ರಿಂದ ಅವರ ಜೀವಿತ ಕಾಲದಲ್ಲಿ ಪ್ರಕಟವಾದ ಬರಹಗಳು ಮುಕ್ತ. ಪಂಜೆ ಮಂಗೇಶರಾಯರು 1937ರಲ್ಲೇ ಹೋದವರು, ಅವರ ಮಕ್ಕಳ ಕಥೆಗಳು ಕಾಮಿಕ್ಸ್‌ಗೆ ಹೇಳಿ ಮಾಡಿಸಿದ ಹಾಗಿವೆ, ಯಾರಾದ್ರೂ ಮಾಡ್ಲಿ ಅಂತ ನನಗೆ ಬಹಳ ಆಸೆ. ಜನಪದ ಕಥೆ, ಮಹಾಭಾರತ ಎಲ್ಲರದ್ದೂ, ಆದ್ರೆ ಯಾರೋ ಇತ್ತೀಚೆಗೆ ಸಂಗ್ರಹಿಸಿ ತಮ್ಮ ಮಾತಲ್ಲಿ ಬರೆದ ಪುಸ್ತಕದಿಂದ ಸಾಲು ಸಾಲು ಎತ್ಕೋಬೇಡಿ.

ಪ್ರಶ್ನೆ: ಪ್ರಕಾಶಕರ ಸಹವಾಸವೇ ಬೇಡ, ನಾನೇ 500 ಪ್ರತಿ ಪ್ರಿಂಟ್ ಮಾಡಿಸೋಣ ಅಂತಿದೀನಿ. ಏನೇನು ನೋಡ್ಕೋಬೇಕು? - ಬೆಂಗಳೂರು

ಉತ್ತರ: ಒಳ್ಳೇ ದಾರಿ. ನಿಂಜಾ ಟರ್ಟಲ್ಸ್ ಕೂಡ 1984ರಲ್ಲಿ ಇಬ್ಬರು ಸ್ನೇಹಿತರು ಸ್ವಂತ ದುಡ್ಡು ಹಾಕಿ, ಸಾಲ ಮಾಡಿ ಪ್ರಿಂಟ್ ಮಾಡಿಸಿದ ಕಪ್ಪು ಬಿಳುಪು ಕಾಮಿಕ್ಕೇ. ಹಕ್ಕಿನ ವಿಷಯದಲ್ಲಿ ಇದಕ್ಕಿಂತ ಸೇಫ್ ಇಲ್ಲ, ದುಡ್ಡಿನ ವಿಷಯದಲ್ಲಿ ರಿಸ್ಕ್ ಪೂರ್ತಿ ನಿಮ್ದು.

ಐಎಸ್‌ಬಿಎನ್ ಅಂದ್ರೆ ಪುಸ್ತಕದ ಗುರುತಿನ ಸಂಖ್ಯೆ, ಅದನ್ನ ನೀವೇ ತಗೊಳಿ, ನಮ್ಮ ದೇಶದಲ್ಲಿ ಅದು ಉಚಿತ, ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲಲ್ಲಿ ಲೇಖಕರೇ ಅರ್ಜಿ ಹಾಕ್ಬೋದು. ಸೆಲ್ಫ್ ಪಬ್ಲಿಷಿಂಗ್ ಪ್ಯಾಕೇಜ್ ಅಂತ ಸಾವಿರಾರು ರೂಪಾಯಿ ತಗೊಂಡು ಅವರ ಹೆಸರಿನ ಐಎಸ್‌ಬಿಎನ್ ಹಾಕಿಕೊಟ್ರೆ ದಾಖಲೇಲಿ ಪ್ರಕಾಶಕರು ಅವರಾಗ್ತಾರೆ, ನೀವಲ್ಲ. ಪೇಜ್ ಸಂಖ್ಯೆನ 16ರ ಲೆಕ್ಕದಲ್ಲಿಡಿ, 32 ಅಥವಾ 48, ಪ್ರೆಸ್‌ನವರು ಫಾರಂ ಲೆಕ್ಕದಲ್ಲೇ, ಅಂದ್ರೆ 16 ಪೇಜಿಗೊಂದು ಅಂತ, ರೇಟ್ ಹೇಳೋದು, 50 ಪೇಜ್ ಅಂದ್ರೆ ಸುಮ್ನೆ ಕಾಗದ ವೇಸ್ಟ್. ಫೈಲ್ 300 ಡಿಪಿಐ (ಚಿತ್ರದ ಸ್ಪಷ್ಟತೆಯ ಅಳತೆ), ಸಿಎಂವೈಕೆ (ಪ್ರೆಸ್ಸಿನ ನಾಲ್ಕು ಬಣ್ಣದ ಮೋಡ್), ಸುತ್ತ 3 ಎಂಎಂ ಬ್ಲೀಡ್ (ಅಂಚು ಕತ್ತರಿಸೋಕೆ ಅಂತ ಹೆಚ್ಚಿಗೆ ಬಿಡೋ ಚಿತ್ರ). 48 ಪೇಜಿಗೆ ಸೆಂಟರ್ ಪಿನ್ ಸಾಕು.

ಅಕ್ಷರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಕನ್ನಡ ಕಾಮಿಕ್ಸ್ ಕೆಡೋದು ಇಲ್ಲೇ. ಇಂಗ್ಲಿಷ್ ಕಾಮಿಕ್ ನೋಡಿ ಮಾತಿನ ಬಲೂನ್ ಬರೆದು ಆಮೇಲೆ ಕನ್ನಡ ತುಂಬೋಕೆ ಹೋದ್ರೆ ಹಿಡಿಯಲ್ಲ. 'ತಪ್ಪಿಸ್ಕೊಂಡ್ಬಿಟ್ಟ' ಅನ್ನೋ ಒಂದೇ ಪದ ಅರ್ಧ ಪ್ಯಾನೆಲ್ ತಿನ್ನುತ್ತೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿದು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತೆ, ಓದೋ ಮಗುಗೆ ಎರಡೂ ಗೊತ್ತಾಗಲ್ಲ. ಹಾಗಾಗಿ ಮೊದಲು ಮಾತನ್ನ ಕೂರ್ಸಿ, ಸಾಲುಗಳ ಮಧ್ಯೆ ಧಾರಾಳವಾಗಿ ಜಾಗ ಬಿಡಿ, ಆಮೇಲೆ ಅದರ ಸುತ್ತ ಬಲೂನ್ ಎಳೀರಿ. ಫೋಟೋಶಾಪಲ್ಲಿ ಒತ್ತು ಒಡೆದು ಬಂದ್ರೆ ಟೈಪ್ ಸೆಟ್ಟಿಂಗಲ್ಲಿ ವರ್ಲ್ಡ್-ರೆಡಿ ಲೇಔಟ್ ಆನ್ ಮಾಡಿ. ಫಾಂಟ್‌ಗೂ ಲೈಸೆನ್ಸ್ ಇರುತ್ತೆ ಅನ್ನೋದು ನೆನಪಿರಲಿ, ನಮ್ಮ ಹಕ್ಕು ಕೇಳೋರು ಇನ್ನೊಬ್ಬರ ಫಾಂಟ್ ಕದೀಬಾರ್ದು. ಬಲೂ ತಮ್ಮ, ನೋಟೋ ಸಾನ್ಸ್ ಕನ್ನಡ, ಇವೆಲ್ಲ ಮುಕ್ತ ಲೈಸೆನ್ಸಿನವು, ಪುಸ್ತಕಕ್ಕೆ ಬಳಸ್ಬೋದು.

ಪ್ರಿಂಟ್ ಆದ್ಮೇಲೆ 1954ರ ಕಾಯ್ದೆ ಪ್ರಕಾರ 30 ದಿನದೊಳಗೆ ಕೋಲ್ಕತ್ತದ ನ್ಯಾಷನಲ್ ಲೈಬ್ರರಿಗೂ ಚೆನ್ನೈ, ಮುಂಬೈ, ದೆಹಲಿಯ ಮೂರು ಲೈಬ್ರರಿಗಳಿಗೂ ಒಂದೊಂದು ಪ್ರತಿ ಕಳ್ಸ್ಬೇಕು. ಖರ್ಚು ಅಂತ ಬೇಜಾರಾಗ್ಬೇಡಿ, ಇಂಥ ವರ್ಷ ಈ ಪುಸ್ತಕ ಇತ್ತು ಅನ್ನೋದಕ್ಕೆ ಅದೂ ಒಂದು ಸಾಕ್ಷಿ. ಮಾರಾಟಕ್ಕೆ ಬೆಂಗಳೂರಲ್ಲಿ ಕಾಮಿಕ್ ಕಾನ್ ಅನ್ನೋ ಕಾಮಿಕ್ಸ್ ಮೇಳ ನಡೆದಾಗ ಟೇಬಲ್ ತಗೊಳಿ, ಎಂ.ಜಿ. ರಸ್ತೆ ಹತ್ರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್‌ನ ಗ್ಯಾಲರಿಗೂ ಹೋಗಿ ಬನ್ನಿ, ಗೆರೆ ಬಲ್ಲೋರು ಅಲ್ಲಿ ಸಿಗ್ತಾರೆ.

ಪ್ರಶ್ನೆ: ನನ್ನ ಕಾಮಿಕ್ ಪೇಜ್‌ಗಳಿಗೆ ವಾಯ್ಸ್ ಕೊಟ್ಟು ಒಂದು ಯೂಟ್ಯೂಬ್ ಚಾನೆಲ್‌ನವ್ರು ವಿಡಿಯೋ ಮಾಡ್ಯಾರ್ರಿ, ನನ್ನ ಹೆಸರ ಇಲ್ಲ. ಕಮೆಂಟ್ ಹಾಕಿದ್ರ ಡಿಲೀಟ್ ಮಾಡ್ತಾರ. - ಕಲಬುರಗಿ

ಉತ್ತರ: ಕಮೆಂಟ್ ಹಾಕೋದು ನಿಲ್ಸಿ, ಅವರು ಎಚ್ಚೆತ್ತು ವಿಡಿಯೋ ಡಿಲೀಟ್ ಮಾಡಿಬಿಟ್ರೆ ಸಾಕ್ಷಿ ಹೋಗುತ್ತೆ. ಮೊದಲು ವಿಡಿಯೋ ಡೌನ್‌ಲೋಡ್ ಮಾಡಿ, ಲಿಂಕು, ತಾರೀಖು, ವ್ಯೂಸ್ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತಗೊಳಿ. ಆಮೇಲೆ ಯೂಟ್ಯೂಬಿನ ಕಾಪಿರೈಟ್ ಫಾರಂ ತುಂಬಿ. ನಮ್ಮ ಕಾಪಿರೈಟ್ ನಿಯಮಗಳಲ್ಲೂ, ಲಿಖಿತ ದೂರು ಸರಿಯಾಗಿ ಕೊಟ್ರೆ ಯೂಟ್ಯೂಬಿನಂಥವರು 36 ಗಂಟೆಯೊಳಗೆ ಅದನ್ನ ತಡೀಬೇಕು ಅಂತಿದೆ, 21 ದಿನದೊಳಗೆ ನೀವು ಕೋರ್ಟ್ ಆದೇಶ ತರದಿದ್ರೆ ಅವರು ವಾಪಸ್ ಹಾಕ್ಬೋದು, ಹಾಗಾಗಿ ದೊಡ್ಡ ಚಾನೆಲ್ ಆಗಿದ್ರೆ ದೂರು ಕೊಡೋ ದಿನಾನೇ ವಕೀಲರನ್ನ ನೋಡಿ. ಗೊತ್ತಿದ್ದೂ ಕದಿಯೋದು ಕ್ರಿಮಿನಲ್ ಅಪರಾಧ, ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ದಂಡ, ಪೊಲೀಸರು ನೇರವಾಗಿ ಕೇಸ್ ತಗೋಬೋದು ಅಂತ 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಚಾನೆಲ್‌ನವರು ಎಲ್ಲಿಯವರೇ ಆಗಿರ್ಲಿ, 62ನೇ ಸೆಕ್ಷನ್ ಪ್ರಕಾರ ನೀವು ವಾಸ ಇರೋ ಊರಿನ ಜಿಲ್ಲಾ ಕೋರ್ಟಲ್ಲೇ ದಾವೆ ಹಾಕ್ಬೋದು, ಕಲಬುರಗಿ ಬಿಟ್ಟು ಎಲ್ಲಿಗೂ ಅಲೀಬೇಕಾಗಿಲ್ಲ. ಸ್ಕೆಚ್‌ಬುಕ್ ಮಾತ್ರ ಜೊತೇಲಿ ತಗೊಂಡು ಹೋಗಿ.